ಭಾವ ಆರಿಸಿದ ಬಾಟಲ್ ಬ್ರಷ್ ಗಿಡ

ನಿನ್ನೆ ಹೆಂಡತಿಯ ಜೊತೆ ತಿಪಟೂರಿನ ನರ್ಸರಿಗೆ ಹೋದಾಗ ಬಾಟಲ್ ಬ್ರಷ್ ಗಿಡದ ಎಲೆಯೊಂದನ್ನು ಹಿಸುಕಿ ಮೂಸಿದೆ. ನಿಂಬೆಯಂಥ ವಾಸನೆ. ಅದರ ಹಿಂದೆಯೇ ನಮ್ಮ ಭಾವ ನೆನಪಿಗೆ ಬಂದು ನಿಂತರು.

ಭಾವ ತುರುವೇಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಯಾಗಿದ್ದವರು. ಕೊಬ್ಬರಿಯನ್ನು ಅನುಮಾನಿಸಲಿ, ಅದು ಕಸುಬು. ಅಕ್ಕ ತಂದ ಸೀರೆಯ ಬಣ್ಣ, ಬದನೆಕಾಯಿಯ ಒಳಗು, ನಾನು ಹೇಳಿದ ಬಸ್ಸಿನ ಹೊತ್ತು, ಎಲ್ಲದರ ಮೇಲೂ ಅವರಿಗೆ ಅನುಮಾನವೇ. ಬಸ್ಸಿನ ವಿಷಯದಲ್ಲಿ ಅವರದು ತಪ್ಪೆನ್ನಲಾರೆ.

ಅಕ್ಕನಿಗೆ ಬೋನ್ಸಾಯ್ ಬೆಳೆಸುವ ಆಸೆ ಹುಟ್ಟಿದಾಗ ಮೂವರೂ ಇದೇ ನರ್ಸರಿಗೆ ಬಂದಿದ್ದೆವು. ಅಕ್ಕ ಮೈತುಂಬ ಕೆಂಪು ಹೂ ಬಿಟ್ಟಿದ್ದ ಬಾಟಲ್ ಬ್ರಷ್ ಎತ್ತಿಕೊಂಡಳು.

"ಒಳ್ಳೇ ಗಿಡ ಕಣಕ್ಕಾ," ಎಂದ ನರ್ಸರಿಯವನು.

"ಒಳ್ಳೇದಾಗಿದ್ರೆ ಬಾಗಿಲ ಮುಂದೇನೇ ಯಾಕಪ್ಪ ಇಟ್ಟಿದ್ದೀಯಾ?" ಎಂದು ಭಾವ ಕುಕ್ಕರುಗಾಲಲ್ಲಿ ಕೂತು ಬುಡದ ಮಣ್ಣು ಕೆದಕಿದರು. ಬೇರು ಸಿಂಬಿಯಂತೆ ಸುತ್ತಿಕೊಂಡಿತ್ತು. ಕಾಂಡ ಬುಡದಿಂದ ತುದಿಯವರೆಗೂ ಒಂದೇ ಸಪೂರ. "ನೋಡ್ದೇನೇ? ಕೋಲಿಗೆ ಹೂ ಬಿಟ್ಟೈತೆ ಅಷ್ಟೇ. ನಿಂಗೆಲ್ಲಿ ಆರ್ಸೋಕೆ ಬತ್ತದೆ, ಬುಡು."

ಸುತ್ತ ನಿಂತವರು ನಕ್ಕರು. ಅಕ್ಕ ಕುಂಡವನ್ನು ಕೆಳಗಿಟ್ಟಳು.

ಭಾವ ಹಿಂದಿನ ಸಾಲಿನಿಂದ ಹೂವಿಲ್ಲದ ಒಂದನ್ನು ತಂದರು. ದಪ್ಪ ಬುಡ, ಮೇಲೆ ಹೋದಂತೆ ಸಣ್ಣಗಾಗುವ ಕಾಂಡ, ನೆಲದ ಹತ್ತಿರವೇ ಕವಲು, ಪುಟ್ಟ ಎಲೆ. ಬೋನ್ಸಾಯಿಗೆ ಹೇಳಿಮಾಡಿಸಿದಂತಿತ್ತು. ಅವರ ಆಯ್ಕೆ ಸರಿಯಾದದ್ದೇ ಪೇಚಿಗಿಟ್ಟುಕೊಂಡಿತು.

"ನೀವ್ ಆರ್ಸಿದ್ದು, ನೀವೇ ಸಾಕ್ಕಳಿ," ಎಂದಳು ಅಕ್ಕ.

ಭಾವ ಕೊಂಬೆ ಕತ್ತರಿಸಿ ಗಿಡವನ್ನು ಅಗಲದ ತಟ್ಟೆಗೆ ನೆಟ್ಟರು. ಮಾರನೆಯ ದಿನವೇ ಅನುಮಾನ: ಸತ್ತಿತೋ ಏನೋ? ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರು ಕಂಡಿತು. ಮರುದಿನ ಮತ್ತೆ ಅನುಮಾನ, ಮತ್ತೆ ಉಗುರು. ಕೊನೆಗೆ ಒಂದು ಕವಲು ಒಣಗಿಯೇ ಹೋಯಿತು.

ಅಂದು ಅಕ್ಕ ಹಿಂದೆಯೇ ನಿಂತಿದ್ದಳು. "ಬದುಕೈತೋ ಇಲ್ವೋ ಅಂತ ಕೆರ್‍ದು ಕೆರ್‍ದೇ ಸಾಯಿಸ್ತೀರಲ್ರೀ! ಇಷ್ಟು ವರ್ಷ ನನ್ನೂ ಹಿಂಗೇ ಮಾಡಿದ್ರಿ." ತಟ್ಟೆಯನ್ನೆತ್ತಿಕೊಂಡು ಹಿತ್ತಲಿಗೆ ನಡೆದಳು.

ಮುಂದೆ ಆ ಗಿಡ ಹೂ ಬಿಟ್ಟ ದಿನ ನಾನು ಅಲ್ಲೇ ಇದ್ದೆ. ಭಾವ ಬಗ್ಗಿ ನೋಡಿ, "ಹೂವ ಅಂಟ್ಸಿಲ್ಲ ತಾನೇ?" ಎಂದರು. ಬೆರಳು ಚಾಚಿದವರು ಅರ್ಧಕ್ಕೇ ನಿಲ್ಲಿಸಿ ಅಕ್ಕನ ಕಡೆ ತಿರುಗಿದರು.

"ಮುಟ್ಲಾ?"

ಅವರು ಅಕ್ಕನ ಅಪ್ಪಣೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಮೊದಲು ಅವರ ಉಗುರು ನೋಡಿದಳು.

"ಮೆತ್ತಗೆ."

ನಿನ್ನೆ ನನ್ನ ಹೆಂಡತಿಯೂ ಹೂ ತುಂಬಿದ ಗಿಡವನ್ನೇ ಎತ್ತಿಕೊಂಡಳು. ಬುಡ ಕೆದಕಲು ನನ್ನ ಬೆರಳು ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಎರಡೂ ಕೈ ಜೇಬಿಗೆ ಹಾಕಿಕೊಂಡು, "ಚೆನ್ನಾಗಿದೆ," ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾಕ್ರೀ, ಏನಾಗೈತೆ ಇದಕ್ಕೆ?"