ಎರಡೇ ಸೀಟಿನ ಕಾರು

ನಮ್ಮ ಮನೆಯವರಿಗೆ ಜಮಖಂಡಿಯಲ್ಲಿ, ಮುಧೋಳ ರಸ್ತೆಗೆ ಹತ್ತಿದಂತೆ, ಒಂದು ಲೇತ್ ಅಂಗಡಿ ಇತ್ತು. ಕಬ್ಬಿನ ಟ್ರ್ಯಾಲಿಗಳ ಆಕ್ಸಲ್ಲು, ಟ್ರ್ಯಾಕ್ಟರಿನ ಪಿನ್ನು, ಪಂಪಿನ ಶಾಫ್ಟು ಇಂಥವನ್ನು ಮಾಡಿಕೊಡುತ್ತಿದ್ದರು. ಸಕ್ಕರೆ ಕಾರ್ಖಾನೆಗಳು ಸುರುವಾಗುವ ಹೊತ್ತಿಗೆ ಅವರಿಗೆ ಉಣ್ಣಲಿಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ನಾನು ಬನಹಟ್ಟಿಯ ನೇಕಾರರ ಮನೆಯವಳು, ಮಗ್ಗದ ಸಪ್ಪಳದಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಪಡಸಾಲೆಯಲ್ಲಿ ಹೊಲಿಗೆ ಮಶಿನ್ ಹಾಕಿಕೊಂಡು ಓಣಿಯವರ ಜಂಪರ ಹೊಲಿಯುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅವರ ತಾಯಿ, ನನ್ನ ಅತ್ತೆ.

ಒಂದು ದಿನ ಮುಧೋಳ ಕಡೆಯ ಹಳ್ಳಿಯೊಂದರ ವಾಡೆಗೆ ಟ್ರ್ಯಾಕ್ಟರ್ ರಿಪೇರಿಗೆಂದು ಹೋದವರು ಬಂದು, ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಉಣ್ಣದೆ ಕುಳಿತರು. ಏನಾಯಿತೆಂದು ಕೇಳಿದೆ. ವಾಡೆಯ ದನದ ಕೊಟ್ಟಿಗೆಯಲ್ಲಿ, ಜೋಳದ ಸೊಪ್ಪೆಯ ಪೆಂಡಿಗಳ ಹಿಂದೆ, ಒಂದು ಕಾರು ನಿಂತಿದೆ ಎಂದರು. ಎರಡೇ ಸೀಟು, ಮ್ಯಾಲಿನ ಛತ್ತು ಮಡಚಿ ಹಿಂದಕ್ಕೆ ಹಾಕುವಂಥದ್ದು, ನೆಲಕ್ಕೆ ಹತ್ತಿದ ಹಾಗೆ ಕೂರುವ ಸ್ಪೋರ್ಟ್ಸ್ ಕಾರು. ವಾಡೆಯ ಧಣಿಯ ಮಗ ಹರೆಯದಲ್ಲಿ ಗೋವಾದಿಂದ ತಂದದ್ದಂತೆ. ನಾಲ್ಕಾರು ವರ್ಷ ಓಡಿಸಿ, ಎಂಜಿನ್ನು ಸೀಜಾಗಿ, ಸಾಮಾನು ಎಲ್ಲೂ ಸಿಗದೆ ಅಲ್ಲಿ ನಿಲ್ಲಿಸಿಬಿಟ್ಟಿದ್ದ. ನಮ್ಮವರು ಅದರ ಬಾಗಿಲು ತೆಗೆದಾಗ ಒಳಗೆ ಕೋಳಿಯೊಂದು ಕಾವಿಗೆ ಕುಳಿತಿತ್ತಂತೆ. ಹೇಳುವಾಗ ಅವರ ದನಿ ಬೇರೆಯೇ ಆಗಿತ್ತು. ಧಣಿಯವರಿಗೆ ಕೊಟ್ಟಿಗೆ ಖಾಲಿಯಾದರೆ ಸಾಕಾಗಿತ್ತು. ಒಯ್ಯುವುದಾದರೆ ಒಯ್ಯಿ ಎಂದರು.

ಕಾರು ನಮ್ಮ ಓಣಿಗೆ ಬಂದದ್ದು ಕಬ್ಬಿನ ಟ್ರ್ಯಾಲಿಯ ಮೇಲೆ. ಹಳದಿ ಬಣ್ಣ ಎಂದು ತಿಳಿಯಬೇಕಾದರೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಬೇಕಿತ್ತು. ನೋಡಲು ನಿಂತ ಗಂಡಸರು ನಕ್ಕರು. ಅತ್ತೆ ಮಾತ್ರ ಒಳಗಿನಿಂದ ಅರಿಶಿನ ಕುಂಕುಮ ತಂದು ಅದರ ಮೂತಿಗೆ ಹಚ್ಚಿದರು. ಮನೆಗೆ ಬಂದದ್ದು ಏನೇ ಇದ್ದರೂ ಅದನ್ನು ಬರಿಗೈಯಲ್ಲಿ ಒಳಗೆ ಕರೆಯಬಾರದು ಎಂಬುದು ಅವರ ಮಾತು. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿ ಅದನ್ನು ಅಲ್ಲಿ ಇಟ್ಟೆವು.

ಅಂಗಡಿ ಮುಚ್ಚಿ ಬಂದ ಮೇಲೆ ಸಂಜೆ ಹೊತ್ತು, ಮತ್ತೆ ಅಂಗಡಿಗೆ ರಜೆಯಿದ್ದ ಸೋಮವಾರ ಇಡೀ ದಿನ, ಅವರು ಆ ಶೆಡ್ಡಿನಲ್ಲೇ ಇರುತ್ತಿದ್ದರು. ಮೈ ಫೈಬರಿನದಾದ್ದರಿಂದ ತುಕ್ಕು ಹಿಡಿದಿರಲಿಲ್ಲ, ಅಲ್ಲಲ್ಲಿ ಬಿರಿದಿತ್ತು ಅಷ್ಟೆ. ಕೆಳಗಿನ ಕಬ್ಬಿಣದ ಚೌಕಟ್ಟನ್ನು ಮಾತ್ರ ದನದ ಗಂಜಲ ತಿಂದುಹಾಕಿತ್ತು. ಅದನ್ನು ತುಂಡು ತುಂಡಾಗಿ ಕೊಯ್ದು ಹೊಸ ಕಬ್ಬಿಣ ಕೂಡಿಸಿದರು. ಹಳೆಯ ಎಂಜಿನ್ನನ್ನು ಕಳಚಿ ಇಳಿಸಿದಾಗ ಮುಂಭಾಗ ಪೂರಾ ಖಾಲಿಯಾಗಿ, ಒಳಗೆ ನಿಂತು ನೋಡಿದರೆ ನೆಲ ಕಾಣುತ್ತಿತ್ತು. ಅಪಘಾತದಲ್ಲಿ ಹಿಂಭಾಗ ಜಜ್ಜಿಹೋದ ಒಂದು ಸಣ್ಣ ಕಾರಿನ ಎಂಜಿನ್ನನ್ನು ಗೇರ್‌ಬಾಕ್ಸಿನ ಸಮೇತ ಸಾಂಗಲಿಯಿಂದ ತಂದರು. ಬೇರೆ ಎಂಜಿನ್ನು ಕೂಡಿಸಲು ಆರ್‌ಟಿಒ ಪರವಾನಗಿಯನ್ನೂ ಮೊದಲೇ ತೆಗೆದುಕೊಂಡಿದ್ದರು. ಆ ಎಂಜಿನ್ನು ಈ ಕಾರಿಗೆ ಹಾಗೆಯೇ ಕೂಡುವಂಥದ್ದಲ್ಲ. ಅದನ್ನು ಹೊತ್ತು ಹಿಡಿಯುವ ಬ್ರ್ಯಾಕೆಟ್ಟುಗಳನ್ನು ಹೊಸದಾಗಿ ಮಾಡಬೇಕು, ಗಾಲಿ ತಿರುಗಿಸುವ ಶಾಫ್ಟನ್ನು ಇದರದ್ದರ್ಧ ಅದರದ್ದರ್ಧ ಸೇರಿಸಿ ಲೇತಿನಲ್ಲಿ ಕಡೆಯಬೇಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ಆಕಾರ ನೋಡುತ್ತಿದ್ದರು. ಆ ರಟ್ಟು ಕತ್ತರಿಸಲು ನನ್ನನ್ನು ಕರೆಯುತ್ತಿದ್ದರು. ಜಂಪರದ ಅಳತೆಗೆ ಕಾಗದ ಕತ್ತರಿಸುವ ಕೈ ನಿನ್ನದು, ಗೆರೆ ತಪ್ಪುವುದಿಲ್ಲ ಎನ್ನುತ್ತಿದ್ದರು. ಹಾಗೆ ನಾನು ಶೆಡ್ಡಿನೊಳಗೆ ಸೇರಿದೆ. ಸೀಟಿನ ಹೊದಿಕೆ ಹೊಲಿದೆ. ಮಡಚುವ ಛತ್ತಿಗೆ ದಪ್ಪ ಕ್ಯಾನ್ವಾಸು ಹೊಲಿಯುವಾಗ ನನ್ನ ಮಶಿನ್ನಿನ ಸೂಜಿಗಳು ಮುರಿದು ಮುರಿದು ಬಿದ್ದವು. ನನ್ನ ಲಗ್ನದ ಬದುಕಿನಲ್ಲಿ ಅಷ್ಟು ಸುಖವಾದ ದಿನಗಳು ಬೇರೆ ಇರಲಿಲ್ಲ.

ಮೊದಲು ಬೀಳತೊಡಗಿದ್ದು ನಟ್ಟುಗಳು. ಸಣ್ಣ ನಟ್ಟು ಬೆರಳಿನಿಂದ ಜಾರಿ ಎಂಜಿನ್ನಿನ ಸಂದಿಯಲ್ಲಿ ಬೀಳುತ್ತಿತ್ತು, ಅವರು ಬೈದುಕೊಳ್ಳುತ್ತ ಆಯಸ್ಕಾಂತ ಇಳಿಬಿಟ್ಟು ಎತ್ತುತ್ತಿದ್ದರು. ಎಣ್ಣೆಗೈ, ಜಾರುತ್ತದೆ ಎಂದು ನಾನೂ ತಿಳಿದೆ. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡವಾಗತೊಡಗಿತು. ಒಂದು ದಿನ ರೊಟ್ಟಿ ಮುರಿಯಲಾಗದೆ ತಟ್ಟೆಯನ್ನೇ ನೋಡುತ್ತ ಕುಳಿತರು. ಅತ್ತೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟರು. ನಮ್ಮವರ ಹೆಬ್ಬೆರಳಿನ ಬುಡದ ಮಾಂಸ ಇಳಿದು ಅಲ್ಲಿ ಗುಳಿ ಬಿದ್ದದ್ದನ್ನು ನಾನು ಅವತ್ತು ನೋಡಿದೆ.

ಮಿರಜದ ದವಾಖಾನೆಗೆ ಹೋದೆವು. ಸೂಜಿ ಚುಚ್ಚಿ, ಕರೆಂಟು ಹಾಯಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಒಳ್ಳೆಯವರು, ಮುಚ್ಚಿಡಲಿಲ್ಲ. ಮೈಯ ಮಾಂಸವನ್ನು ಆಡಿಸುವ ನರಗಳು ಒಂದೊಂದಾಗಿ ಒಣಗುತ್ತ ಹೋಗುವ ರೋಗ, ಕೈ ಆದಮೇಲೆ ಕಾಲು, ಮಾತು, ಕಡೆಗೆ ಉಸಿರು, ಇದನ್ನು ನಿಲ್ಲಿಸುವ ಔಷಧ ಇಲ್ಲ ಎಂದರು. ಮುಟ್ಟಿದ್ದು ತಿಳಿಯುತ್ತದೆ, ಬುದ್ಧಿ ಹಾಗೇ ಇರುತ್ತದೆ ಎಂದೂ ಹೇಳಿದರು. ಅದು ಸಮಾಧಾನವೋ ಅಲ್ಲವೋ ನನಗೆ ಆಗ ತಿಳಿಯಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಜಮಖಂಡಿ ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

“ಕೈ ಇರೂದರಾಗ ಎಂಜಿನ್ ಕೂಡಸಬೇಕು,” ಎಂದರು.

“ನನ್ನ ಕೈ ಅದಾವಲ್ಲರಿ,” ಎಂದೆ.

ಲೇತ್ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಹಗಲೆಲ್ಲ ಶೆಡ್ಡಿನಲ್ಲೇ ಇರತೊಡಗಿದೆವು. ವೆಲ್ಡಿಂಗಿಗೆ ಅವರ ಗೆಳೆಯರೊಬ್ಬರು ಬಂದು ಹೋಗುತ್ತಿದ್ದರು, ಉಳಿದದ್ದೆಲ್ಲ ನಾನು. ಅವರು ಖುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಯಾವ ಪಾನಾ ಯಾವ ಬೋಲ್ಟಿಗೆ, ಎಷ್ಟು ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಲಿತೆ. ನೈಟಿಯ ಮೇಲೆ ಅವರ ಹಳೆಯ ಅಂಗಿ ಹಾಕಿಕೊಂಡು ಕಾರಿನ ಕೆಳಗೆ ಮಲಗುತ್ತಿದ್ದೆ. ಜಂಪರ ಹೊಲಿಸಲು ಬಂದ ಹೆಂಗಸರು ಹಿತ್ತಲ ಬಾಗಿಲಲ್ಲಿ ನಿಂತು, ನನ್ನ ಕಾಲುಗಳನ್ನಷ್ಟೇ ನೋಡಿ, ಮಾತಾಡಿಸಿ ಹೋಗುತ್ತಿದ್ದರು.

ಸಾಂಗಲಿಯ ಎಂಜಿನ್ನನ್ನು ಕಾರಿನೊಳಗೆ ಇಳಿಸುವ ದಿನ ಆ ವೆಲ್ಡಿಂಗಿನ ಗೆಳೆಯರು ಚೈನ್ ಕಪ್ಪಿ ಹಿಡಿದಿದ್ದರು. ಎಂಜಿನ್ನು ತೂಗುತ್ತ ಇಳಿಯಿತು. ಬ್ರ್ಯಾಕೆಟ್ಟಿನ ತೂತಿಗೆ ಬೋಲ್ಟು ಹಾಕುವುದು ನನ್ನ ಕೆಲಸ. ಎರಡು ಬೋಲ್ಟು ಸರಿಯಾಗಿ ಹೋದವು. ಮೂರನೆಯದು ಓರೆಯಾಗಿ ಹತ್ತಿತು. ಅವರು ತಿರುವಬೇಡ ಎನ್ನುವುದರೊಳಗೆ ನಾನು ತಿರುವಿದ್ದೆ. ತೂತಿನೊಳಗಿನ ಮರೆ, ಬೋಲ್ಟು ಸುತ್ತಿ ಇಳಿಯುವ ಗೆರೆ, ಹಾಳಾಯಿತು. ಅವರು ಎಂದೂ ಆಡದ ಮಾತು ಆಡಿದರು, ಗೆಳೆಯರ ಎದುರಿಗೇ. ನಾನು ಪಾನಾ ಅಲ್ಲೇ ಇಟ್ಟು ಒಳಗೆ ಹೋದೆ. ಗೆಳೆಯರೂ ನೆವ ಹೇಳಿ ಮನೆಗೆ ಹೋದರು. ಅಡುಗೆಮನೆಯಲ್ಲಿ ನಿಂತಿದ್ದಾಗ ಹಿತ್ತಲಿನಿಂದ ಪಾನಾ ಬಿದ್ದ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ. ಮತ್ತೆ. ಅತ್ತೆ ಒಲೆಯ ಮುಂದೆ ಕುಳಿತಿದ್ದರು. ಸೆರಗಿನಿಂದ ಕಿವಿ ಮುಚ್ಚಿಕೊಂಡರು. ನಾನು ಓಡಿ ಹೋದೆ. ನಮ್ಮವರು ಕಾರಿಗೆ ಹಣೆ ಆನಿಸಿ ನಿಂತಿದ್ದರು, ಎರಡೂ ಕೈ ಕೆಳಗೆ ಜೋತಿದ್ದವು. ನಾನು ಪಾನಾ ಎತ್ತಿಕೊಂಡೆ. ಆಮೇಲೆ, ಕೆಟ್ಟ ಮರೆಯನ್ನು ಹೊಸದಾಗಿ ಕಡೆಯುವುದು ಹೇಗೆಂದು ಅವರು ಮೆಲ್ಲಗೆ ಹೇಳತೊಡಗಿದರು.

ಎಂಜಿನ್ನು ಸುರುವಾದ ಹೊತ್ತಿಗೆ ಅವರಿಗೆ ಚಾವಿ ತಿರುಗಿಸುವ ಶಕ್ತಿ ಇರಲಿಲ್ಲ, ಮಾತೂ ತೊದಲುತ್ತಿತ್ತು. ಮುಂಜಾನೆ ಎಂಟರ ಹೊತ್ತು, ಅತ್ತೆ ತೆಂಗಿನಕಾಯಿ ಹಿಡಿದು ನಿಂತಿದ್ದರು. ನಾನು ಚಾವಿ ತಿರುಗಿಸಿದೆ. ಕೆಮ್ಮಿತು, ನಿಂತಿತು. ಪೆಟ್ರೋಲು ಇನ್ನೂ ಮೇಲೆ ಬಂದಿಲ್ಲ, ಇನ್ನೊಮ್ಮೆ ಹಾಕು ಎಂದು ನಮ್ಮವರು ತೊದಲಿದರು. ಹಾಕಿದೆ. ಈ ಸಲ ಹತ್ತಿಕೊಂಡಿತು. ತಗಡಿನ ಶೆಡ್ಡೆಲ್ಲ ಗುಂಯ್‌ಗುಟ್ಟಿತು. ನಾನು ಇಳಿದು ಬಂದು ಅವರ ಬಲಗೈ ಎತ್ತಿ, ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಮೇಲಿನ ಮುಚ್ಚಳದ ಮೇಲೆ ಇಟ್ಟು, ಅದರ ಮೇಲೆ ನನ್ನ ಕೈ ಇಟ್ಟೆ. ಅದಿನ್ನೂ ಬಿಸಿಯಾಗಿರಲಿಲ್ಲ.

“ಗೊತ್ತಾಗಾಕತ್ತೈತಿ,” ಎಂದರು. ಅವರ ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂದಿತ್ತು. ಒರೆಸಿಕೊಳ್ಳಲು ಕೈ ಬರಲಿಲ್ಲ. ಅತ್ತೆ ಒರೆಸಿದರು.

ನಾನು ಅದಕ್ಕೆ ಮೊದಲೇ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ. ಕಾಗದಪತ್ರವೆಲ್ಲ ಸರಿಯಾದ ಮೇಲೆ ಅವರನ್ನು ಕೂಡಿಸಿಕೊಂಡು ಹೊರಟೆ. ಕುತ್ತಿಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ಸೀಟಿಗೆ ಹೊಲಿದು ಉಳಿದಿದ್ದ ಬಟ್ಟೆಯಲ್ಲಿ ಅಗಲ ಪಟ್ಟಿ ಹೊಲಿದು, ಎದೆಯ ಮೇಲಿಂದ ತಂದು ಹಿಂದಕ್ಕೆ ಕಟ್ಟುತ್ತಿದ್ದೆ. ಹಣೆಗೊಂದು ಸಣ್ಣ ಪಟ್ಟಿ. ಕಬ್ಬಿನ ಟ್ರ್ಯಾಲಿಗಳ ಪಕ್ಕದಿಂದ ಹಾಯುವಾಗ ನಮ್ಮ ತಲೆ ಅವುಗಳ ಗಾಲಿಯ ಮಟ್ಟಕ್ಕೆ ಇರುತ್ತಿತ್ತು. ನನಗೆ ಜೀವ ಬಾಯಿಗೆ ಬರುತ್ತಿತ್ತು, ಅವರು ನಗುತ್ತಿದ್ದರು. ಸಮೀರವಾಡಿ ಕಡೆ ಹೋದೆವು, ಬನಹಟ್ಟಿಯ ನನ್ನ ತವರಿಗೆ ಹೋದೆವು. ಎಂಜಿನ್ನಿನ ಸದ್ದಿನಲ್ಲಿ ಏನು ಬದಲಾದರೂ ಅವರಿಗೆ ತಿಳಿಯುತ್ತಿತ್ತು, ಹುಬ್ಬು ಏರಿಸಿದರೆ ನಾನು ಗೇರು ಬದಲಿಸಬೇಕು ಎಂದು ಅರ್ಥ.

ಕಡೆಯ ಸಲ ಹೋದದ್ದು ಬೀಳಗಿ ಕಡೆ, ಕೃಷ್ಣೆಯ ಹಿನ್ನೀರಿಗೆ. ನೀರು ಹೊಲಗಳ ಅಂಚಿನವರೆಗೆ ಬಂದು ನಿಂತಿತ್ತು. ಎಂಜಿನ್ನು ಆರಿಸಿದೆ. ಅವರು ಏನೋ ಹೇಳಿದರು, ತಿಳಿಯಲಿಲ್ಲ. ಬಾಯಿಯ ಹತ್ತಿರ ಕಿವಿ ಒಯ್ದೆ.

“ಇದನ್ನ ನಿಲ್ಲಿಸಿ ಇಡಬ್ಯಾಡ,” ಎಂದರು. “ಓಡಸು, ಇಲ್ಲಾ ಕೊಟ್ಟುಬಿಡು.”

ಆಗಲಿ ಎಂದೆ. ಅಷ್ಟು ಹೇಳಲು ಅವರಿಗೆ ಎಷ್ಟು ಉಸಿರು ಬೇಕಾಯಿತೆಂದರೆ, ವಾಪಸು ಬರುವಾಗ ದಾರಿಯುದ್ದಕ್ಕೂ ಅವರ ಉಸಿರಿನ ಮೇಲೇ ನನ್ನ ಕಿವಿ ಇತ್ತು.

ಆ ಮಳೆಗಾಲದಲ್ಲಿ ಅವರು ಹೋದರು. ನಮ್ಮ ಸಮಾಜದಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣಿಗೆ ಒಯ್ಯುತ್ತಾರೆ. ಪಡಸಾಲೆಯಲ್ಲಿ ಬಂಧುಗಳು ಅವರನ್ನು ಕೂಡಿಸಲು ನೋಡಿದರು. ತಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು. ಯಾರೋ ಪಂಚೆ ಹರಿದು ಕಟ್ಟಿದರು, ನಿಲ್ಲಲಿಲ್ಲ. ನಾನು ಎದ್ದು ಹೋಗಿ ಕಾರಿನಿಂದ ಆ ಎರಡು ಪಟ್ಟಿ ತಂದೆ. ಹೆಂಗಸರು ನನ್ನ ಕೈ ಹಿಡಿದರು. ಅವರನ್ನು ಬಿಡಿಸಿ, ಅತ್ತೆ ಹೇಳಿದರು, “ಆಕೀನ ಕಟ್ಟಲಿ. ಆಕೀಗೆ ಗೊತ್ತೈತಿ.” ಎದೆಯ ಪಟ್ಟಿ ಮೊದಲು, ಆಮೇಲೆ ಹಣೆಯದು. ಕಾರಿನಲ್ಲಿ ಕಟ್ಟುತ್ತಿದ್ದ ಹಾಗೇ ಕಟ್ಟಿದೆ. ಬಿಗಿಯಾಯಿತೇ ಎಂದು ಕೇಳಲು ಬಾಯಿ ತೆರೆದೆ, ಅಲ್ಲಿಗೆ ನಿಂತೆ.

ಅದಾದ ಮೇಲೆ ನನಗೆ ಹಿತ್ತಲ ಬಾಗಿಲು ತೆಗೆಯಲು ಆಗಲಿಲ್ಲ. ಜಂಪರ ಹೊಲಿದೆ, ಉಂಡೆ, ಮಲಗಿದೆ. ಕೊಲ್ಲಾಪುರದ ಕಡೆಯಿಂದ ಇಂಥ ಕಾರುಗಳ ಹುಚ್ಚಿದ್ದವರೊಬ್ಬರು ಕೇಳಿಕೊಂಡು ಬಂದರು. ಅತ್ತೆ ಹಿತ್ತಲಿಗೆ ಕರೆದೊಯ್ದು ತೋರಿಸಿದ ಕಾರು ನೋಡಿ, ಎಂಜಿನ್ನು ಕೂಡಿಸಿದವರು ಯಾರು ಎಂದು ನನ್ನನ್ನು ವಿಚಾರಿಸಿದರು. ನಾನು ಹೋಗಿ ಮಶಿನ್ನಿನ ಮುಂದೆ ಕುಳಿತೆ. ಅವರು ಹಾಗೇ ಮರಳಿ ಹೋದರು. ನಾನು ಕಾರನ್ನು ಓಡಿಸಲೂ ಇಲ್ಲ, ಕೊಡಲೂ ಇಲ್ಲ. ಬ್ಯಾಟರಿ ಇಳಿದುಹೋಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆ ಒಂದು ಮುಂಜಾನೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬಂದು ನನ್ನ ಮಶಿನ್ನಿನ ಮುಂದೆ ನಿಂತರು. ಸಾವಳಗಿಯ ತಮ್ಮನ ಮನೆಗೆ ಹೋಗಬೇಕು ಎಂದರು. ಬಸ್ಸಿಗೆ ಹೋಗೋಣ ಎಂದೆ. ಬೇಡ, ಆ ಕಾರಿನಲ್ಲೇ ಕರೆದುಕೊಂಡು ಹೋಗು ಎಂದರು. ವೆಲ್ಡಿಂಗಿನ ಗೆಳೆಯರು ಬ್ಯಾಟರಿ ಚಾರ್ಜು ಮಾಡಿಸಿ ತಂದುಕೊಟ್ಟರು. ಮಧ್ಯಾಹ್ನ ಹೊರಟೆವು. ಅಷ್ಟು ಕೆಳಗಿನ ಸೀಟಿಗೆ ಇಳಿಯಲು ಅತ್ತೆಗೆ ಆಗಲಿಲ್ಲ, ಬಗಲಿಗೆ ಕೈ ಕೊಟ್ಟು ಕೂಡಿಸಿದೆ. ಊರು ದಾಟುವ ತನಕ ಅವರು ಸೆರಗು ಹಿಡಿದುಕೊಂಡು ಮುಂದೆ ನೋಡುತ್ತಿದ್ದರು. ಆಮೇಲೆ ಕೇಳಿದರು,

“ಅಂವನ ಕೈ ಎಲ್ಲಿ ಇಡತಿದ್ದಿ?”

ತೊಡೆಯ ಮೇಲೆ, ಒಂದರ ಮೇಲೊಂದು, ಎಡಗೈ ಕೆಳಗೆ ಎಂದು ಹೇಳಿದೆ. ಅತ್ತೆ ತಮ್ಮ ಕೈಗಳನ್ನು ಹಾಗೇ ಇಟ್ಟುಕೊಂಡರು. ಸೆರಗು ಗಾಳಿಗೆ ಹಾರಿ ಹಿಂದಕ್ಕೆ ಹೋಯಿತು, ಅದನ್ನು ಎಳೆದುಕೊಳ್ಳಲು ಕೈ ಎತ್ತಲಿಲ್ಲ. ಬಿಳಿಗೂದಲು ಮುಖದ ಮೇಲೆಲ್ಲ ಹಾರಾಡುತ್ತಿತ್ತು. ನಾನು ಗಾಡಿ ಬದಿಗೆ ನಿಲ್ಲಿಸಿ ಜೋರಾಗಿ ಅಳತೊಡಗಿದೆ. ನಮ್ಮವರು ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅತ್ತೆ ಸಮಾಧಾನ ಮಾಡಲಿಲ್ಲ, ತಾವೂ ಅಳುತ್ತ ಕುಳಿತರು. ಕಬ್ಬಿನ ಗಾಡಿಯೊಂದು ಪಕ್ಕದಲ್ಲಿ ನಿಂತಿತು, ಏನಾದರೂ ಕೆಟ್ಟಿದೆಯೇನವ್ವಾ ಎಂದು ಚಾಲಕ ಕೇಳಿದ. ಇಲ್ಲಪ್ಪಾ, ಗಾಡಿ ಛಲೋ ಐತಿ ಎಂದು ಅತ್ತೆಯೇ ಉತ್ತರ ಕೊಟ್ಟರು.

ಸಾವಳಗಿಗೆ ಹೋಗಿ, ಉಂಡು, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದೆವು. ಈಗ ಸೋಮವಾರಕ್ಕೊಮ್ಮೆ ಇಬ್ಬರೂ ಎಲ್ಲಿಗಾದರೂ ಹೋಗಿಬರುತ್ತೇವೆ. ಎಣ್ಣೆ ನಾನೇ ಬದಲಿಸುತ್ತೇನೆ, ಬೆಲ್ಟು ನಾನೇ ಬಿಗಿಯುತ್ತೇನೆ. ಸದ್ದಿನಲ್ಲಿ ಏನಾದರೂ ಬದಲಾದಂತೆ ಅನಿಸಿದಾಗ ಪಕ್ಕದ ಸೀಟಿನ ಕಡೆ ನೋಡುವ ಚಾಳಿ ಮಾತ್ರ ಇನ್ನೂ ಹೋಗಿಲ್ಲ. ಅಲ್ಲಿ ಅತ್ತೆ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ನಾನು ಗೇರು ಬದಲಿಸಿ ಮುಂದೆ ನೋಡುತ್ತೇನೆ.