ಕಾಕಾನ ಮುಖ ಮೂಡಲಕ್ಕಿರಲಿಲ್ಲ

ಮೊನ್ನೆ ಮೊಮ್ಮಗಳಿಗೆ ಮೂಗು ಕಟ್ಟಿತ್ತೆಂದು ನೀಲಗಿರಿ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದೆ. ಅಷ್ಟೇ. ಅಕ್ಕೋರು ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು. ಆಕೆ ತಲೆನೋವಿಗೆಂದು ದಿನಾ ಹಣೆಗೆ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಓಣಿಯ ತಿರುವಿನಲ್ಲಿರುವಾಗಲೇ ಬರುವವರು ಯಾರೆಂದು ನಮಗೆ ಗೊತ್ತಾಗಿಬಿಡುತ್ತಿತ್ತು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಮನೆಯವರು, "ಏನಾಗೇತಿ ನಿನಗ?" ಎಂದು ಕೇಳಿದರು. ಏನಂತ ಹೇಳಲಿ...

ಹನುಮಸಾಗರದಲ್ಲಿ ನನ್ನ ತವರುಮನೆಗೂ ಅಕ್ಕೋರ ಮನೆಗೂ ನಡುವೆ ಒಂದೇ ಗೋಡೆ. ಸರಕಾರಿ ಸಾಲಿಯಲ್ಲಿ ನನಗೆ ಅಕ್ಷರ ತಿದ್ದಿಸಿದವರು ಅವರೇ. ಅವರ ಗಂಡ ದವಾಖಾನೆಯಲ್ಲಿ ಕಂಪೌಂಡರ್, ನಮಗೆಲ್ಲ ಕಾಕಾ. ಬಲು ಸಂಕೋಚದ ಮನುಷ್ಯ, ಕಿವಿ ತುಸು ಮಂದ. ಮಕ್ಕಳಿರಲಿಲ್ಲ. ನಮ್ಮ ಓಣಿಗೆ ಅದೊಂದೇ ಕ್ರಿಶ್ಚಿಯನ್ ಮನೆ. ಕ್ರಿಸ್‌ಮಸ್ಸಿಗೆ ಅವರ ಕರಚಿಕಾಯಿ ನಮಗೆ, ಹೋಳಿ ಹುಣ್ಣಿವೆಗೆ ನಮ್ಮ ಹೋಳಿಗೆ ಅವರಿಗೆ. ತಿಂಗಳಿಗೊಮ್ಮೆ ಗಂಗಾವತಿಯಿಂದ ಪಾದ್ರಿಗಳು ಬಸ್ಸಿನಲ್ಲಿ ಬಂದು, ಪ್ರಾರ್ಥನೆ ನಡೆಸಿ, ಉಂಡು ಹೋಗುತ್ತಿದ್ದರು.

ಕಾಕಾ ತೀರಿಕೊಂಡದ್ದು ಕಡು ಬೇಸಿಗೆಯಲ್ಲಿ. ನಾನಾಗ ಮದುವೆಯಾಗಿ ಕುಷ್ಟಗಿ ಸೇರಿದ್ದೆ, ಸುದ್ದಿ ಕೇಳಿ ಓಡಿ ಬಂದೆ. ಪಾದ್ರಿಗಳು ಪರಸ್ಥಳಕ್ಕೆ ಹೋಗಿದ್ದರು, ಬರುವುದು ಮರುದಿನ ಎಂದರು. ಆ ಬಿಸಿಲಿನಲ್ಲಿ ಇಟ್ಟುಕೊಂಡು ಕೂರುವುದು ಹೇಗೆ? ಅಕ್ಕೋರು ನೋಡಿದರೆ ಎಚ್ಚರ ತಪ್ಪಿ ಬಿದ್ದಿದ್ದಾರೆ. ಅಪ್ಪ ಮುಂದೆ ನಿಂತ. ನಮ್ಮ ಹೊಲದಲ್ಲೇ, ಬೇವಿನ ಮರದ ಕೆಳಗೆ, ಓಣಿಯ ಗಂಡಸರೆಲ್ಲ ಸೇರಿ ಕುಣಿ ತೋಡಿದರು. ಗರಸು ನೆಲ, ಅಪ್ಪನ ಅಂಗೈಯೆಲ್ಲ ಬೊಬ್ಬೆ. ಬಡಿಗೇರನ ಕೈಲಿ ಶಿಲುಬೆ ಮಾಡಿಸಿ ತಲೆಯ ಕಡೆ ನೆಟ್ಟರು. ಏನೂ ಕೊರತೆ ಮಾಡಲಿಲ್ಲ. ನಮ್ಮ ಮನೆತನದಲ್ಲಿ ಮಾಡುವ ಹಾಗೆಯೇ ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ ಇಟ್ಟು ಮಲಗಿಸಿದರು.

ಮರುದಿನ ಪಾದ್ರಿಗಳು ಬಂದರು. ಪ್ರಾರ್ಥನೆ ಮುಗಿಸಿ ಶಿಲುಬೆ ನೋಡಿದರು, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿದರು. ಅಕ್ಕೋರ ಕಣ್ಣು ತಪ್ಪೀತೇ?

"ಏನ್ರಿ ಅಯ್ಯನೋರ?"

"ಏನಿಲ್ಲಮ್ಮ... ತಲಿ ಪಡುವಲಕ್ಕ ಇರಬೇಕಿತ್ತು."

ಅವರಲ್ಲಿ ಹಾಗಂತೆ. ಕಡೇ ದಿನ ಕರ್ತನು ಪೂರ್ವದಿಂದ ಬರುತ್ತಾನೆ, ತುತ್ತೂರಿ ಊದಿದಾಗ ಸತ್ತವರು ಎದ್ದು ಕೂತರೆ ಮುಖ ನೇರ ಅವನ ಕಡೆಗೇ ಇರಬೇಕು. ನಮ್ಮ ಕಾಕಾನ ಮುಖ ಉತ್ತರಕ್ಕಿತ್ತು.

ಅಪ್ಪ ಅವತ್ತು ಊಟ ಮುಟ್ಟಲಿಲ್ಲ. ಸಂಜೆ ಹೋಗಿ ಅಕ್ಕೋರ ಬಾಗಿಲಲ್ಲಿ ನಿಂತ. "ತಪ್ಪಾತ್ರಿ ಅಕ್ಕೋರ. ಹೂಂ ಅನ್ರಿ, ತಗದು ಸರಿಯಾಗಿ ಮಲಗಸ್ತೀವಿ."

"ಬ್ಯಾಡ್ರಿ ಅಣ್ಣಾರ. ಮಲಗಿದವರನ್ನ ಎಬ್ಬಸಬಾರದು. ನೀವು ಸ್ವಂತ ತಮ್ಮನ್ನ ಮಲಗಿಸಿದಂಗ ಮಲಗಿಸೀರಿ."

ಹಾಗಂದರೇನೋ ಹೌದು. ಅಪ್ಪನ ಮೇಲೆ ಸಿಟ್ಟಾಗಲು ಆಕೆಗೆ ಮನಸ್ಸಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಅವತ್ತಿನಿಂದ ಆಕೆ ಒಂದು ಕಡೆ ನೆಟ್ಟಗೆ ಕೂತಿದ್ದನ್ನು ನಾನು ನೋಡಲಿಲ್ಲ. ಚಹಾ ಕುಡಿಯುತ್ತ ಎದ್ದು ಬಿಡುವರು, ಹೊಲಕ್ಕೆ ಹೋಗುವರು, ಹೊಳ್ಳಿ ಬರುವರು. ಪಾದ್ರಿಗಳು ಬಂದರೆ ಸಾಕು, ಅದೇ ಪ್ರಶ್ನೆ: ಮುಖ ಉತ್ತರಕ್ಕಿದ್ದರೆ ಅವರ ಗತಿ ಏನು?

ಪಾಪ, ಅವರಾದರೂ ಏನು ಮಾಡಿಯಾರು! ಒಮ್ಮೆ ನಾನಿರುವಾಗಲೇ ತಿಳಿಸಿ ಹೇಳಿದರು. "ದಿಕ್ಕು ಬರೇ ರೂಢಿ, ಅಮ್ಮ. ಸತ್ಯವೇದದಾಗ ತೀರ್ಪಿನ ದಿನ ಕೇಳೋದು ಬ್ಯಾರೇನ ಐತಿ. ಹಸಿದವರಿಗೆ ಉಣ್ಣಾಕ ಕೊಟ್ಟಿಯೇನು, ಜಡ್ಡಾದವರನ್ನ ನೋಡಾಕ ಹೋಗಿದ್ದಿಯೇನು ಅಂತ. ನಿಮ್ಮ ಯಜಮಾನರು ಊರ ಜಡ್ಡೆಲ್ಲ ನೋಡ್ಯಾರ. ಅವರ ಪ್ರತಿಫಲ ಎಲ್ಲೂ ಹೋಗಂಗಿಲ್ಲ."

ಸದ್ಯ, ಸಮಾಧಾನವಾಯಿತು ಅಂದುಕೊಂಡೆ. ಎಲ್ಲಿಯದು!

"ಪ್ರತಿಫಲದ ಚಿಂತಿ ನನಗಿಲ್ರಿ. ಪರಲೋಕಕ್ಕ ಅವರು ಹೋಗೇ ಹೋಗ್ತಾರ. ಆದ್ರ ಎದ್ದ ಕೂಡ್ಲೇ? ಅಷ್ಟೂ ಮಂದಿ ಮೂಡಲಕ್ಕ ನೋಡ್ತಿರ್ತಾರ, ಇವರೊಬ್ಬರು ಬಾಜು ಹೊಲದ ದಾಳಿಂಬರಿ ತ್ವಾಟದ ಬೇಲಿ ನೋಡ್ಕೊಂತ ಕುಂತಿರ್ತಾರ. ಮೊದಲೇ ಅಂಜುಬುರುಕ ಮನಿಷ್ಯಾ. ಗಾಬರಿ ಆಗ್ತಾರ್ರಿ."

ನನಗೆ ತಡೆಯಲಾಗಲಿಲ್ಲ. "ಅಲ್ರಿ ಅಕ್ಕೋರ, ಜಗತ್ತು ಹುಟ್ಟಿಸಿದಾವ್ಗ ಒಬ್ಬ ಕಾಕಾನ್ನ ಇತ್ತಾಗ ತಿರುಗು ಅಂತ ಕರಿಯಾಕ ಬರಂಗಿಲ್ಲೇನು?"

"ಕರೀತಾನವಾ. ಆ ಗದ್ದಲದಾಗ ನಿಮ್ಮ ಕಾಕಾಗ ಕೇಳಸಬೇಕಲ್ಲ."

ಪಾದ್ರಿಗಳು ನಕ್ಕರು. ನಾನೂ ನಕ್ಕೆ. ಅಕ್ಕೋರು ನಗಲಿಲ್ಲ.

ಆಮೇಲೊಂದು ಯುಗಾದಿಗೆ ತವರಿಗೆ ಹೋದಾಗ ಆಕೆ ನನ್ನ ಕೈ ಹಿಡಿದು ದರದರ ಹೊಲಕ್ಕೆ ಎಳೆದುಕೊಂಡು ಹೋದರು. ಅಪ್ಪನೂ ಹಿಂದೆ ಬಂದ. ಕಾಕಾನ ಕಾಲ ಕಡೆ, ಉತ್ತರಕ್ಕೆ, ತುಸು ದೂರ ನಿಂತು ನೆಲ ತೋರಿಸಿದರು. "ಇಲ್ಲಿ. ನನ್ನ ಇಲ್ಲಿ ಮಲಗಸ್ರಿ. ನಮ್ಮ ಪದ್ಧತಿಯಂಗ, ಮೂಡಲಕ್ಕ ಮುಖ ಮಾಡಿ. ಅವರು ಎದ್ದ ಕೂಡ್ಲೇ ಕಣ್ಣಿಗೆ ನಾ ಬೀಳ್ತೀನಿ. ಕೈ ಹಿಡಿದು ತಿರುಗಿಸಿ ಕರಕೊಂಡು ಹೋಗ್ತೀನಿ." ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ನಗು ಕಂಡೆ. ಅಪ್ಪ ಅವತ್ತೇ ಅಲ್ಲಿ ಮೂಲೆಗೊಂದು ಕಲ್ಲು ನೆಟ್ಟ; ಮುಂದೆ ಆ ತುಣುಕಿನಲ್ಲಿ ಸಜ್ಜೆ ಕೂಡ ಬಿತ್ತಲಿಲ್ಲ.

ಅಕ್ಕೋರಿಗೆ ವಯಸ್ಸಾಯಿತು. ಗಂಗಾವತಿಯಲ್ಲಿದ್ದ ತಮ್ಮನ ಮಗ ಬಂದು ಕರೆದುಕೊಂಡು ಹೋದ. ಬಸ್ಸಿನ ಕಿಟಕಿಯಿಂದಲೂ ಅಪ್ಪನಿಗೆ, "ಜಾಗಾ ಹಂಗ ಇರಲ್ರಿ, ಅಣ್ಣಾರ" ಎಂದು ಕೂಗಿದರಂತೆ. ಆಮೇಲೆ ಕೊರೊನಾ ಬಂತು... ರಸ್ತೆ ಬಂದ್, ಊರು ಬಂದ್, ಸತ್ತವರ ಮುಖ ನೋಡಲೂ ಬಿಡದ ಕಾಲ. ಅಕ್ಕೋರು ಅದರಲ್ಲೇ ಹೋದರು. ಹುಡುಗ ಫೋನಿನಲ್ಲಿ ಅಳುತ್ತ ಹೇಳಿದ: ಇಲ್ಲೇ ಗಂಗಾವತಿಯಲ್ಲೇ ಮಣ್ಣು ಮಾಡಿದರು, ಅಕ್ಕಾ, ಎಲ್ಲ ಸರಿಯಾಗೇ ಆತು, ಮುಖ ಮೂಡಲಕ್ಕೈತಿ. ಅವನದೇನು ತಪ್ಪು? ಯಾರದೂ ತಪ್ಪಲ್ಲ. ಅಪ್ಪ ಮಾತ್ರ ಹೊಲಕ್ಕೆ ಹೋಗಿ ಆ ಕಲ್ಲುಗಳ ನಡುವೆ ಕೂತು ಅತ್ತನಂತೆ. ಈಗ ಅವನೂ ಇಲ್ಲ.

ಎಣ್ಣೆಯ ವಾಸನೆ ಬಂದ ಮರುದಿನವೇ ಬಸ್ಸು ಹತ್ತಿ ಹನುಮಸಾಗರಕ್ಕೆ ಹೋಗಿ ಬಂದೆ. ಬೇವು ದೊಡ್ಡದಾಗಿದೆ. ಕಲ್ಲುಗಳು ಹಾಗೇ ಇವೆ, ನಡುವೆ ಬರೀ ಹುಲ್ಲು. ನನಗೆ ಆ ಕಡೇ ದಿನದ ಮೇಲೆ ನಂಬಿಕೆಯಿಲ್ಲ. ಅಕ್ಕೋರ ಮುಂದೆಯೇ ಹಾಗಂದು ಬೈಸಿಕೊಂಡವಳು. ಆದರೂ ಆ ಕಲ್ಲುಗಳ ನಡುವೆ ನಿಂತು ದಾಳಿಂಬೆ ತೋಟದ ಬೇಲಿಯನ್ನೇ ನೋಡಿದೆ. ಒಂದು ವೇಳೆ ತುತ್ತೂರಿ ಊದಿಯೇಬಿಟ್ಟರೆ, ಕಾಕಾ ಎದ್ದು ಕೂತು ಆ ಬೇಲಿಯ ಕಡೆ ಕಣ್ಣು ಹಾಯಿಸಿದರೆ... ಅಕ್ಕೋರು ಗಂಗಾವತಿಯಲ್ಲಿ ಅದಾರ ಅಂತ ಅವರಿಗೆ ಯಾರು ಹೇಳಬೇಕು?