ನೀರಿಗಿಂತ ಮೊದಲು ಹೇಳುವ ಮಾತು

ಬೆಟಗೇರಿಯ ಓಣಿಗೆ ಇನ್ನೂ ಬೆಳಕು ಪೂರ್ತಿ ಇಳಿದಿಲ್ಲ. ಮಗ್ಗಗಳು ಸದ್ದು ಶುರು ಮಾಡಿಲ್ಲ. ಗಾದಿ ಹೊಲಿಯುವ ಗುಡುಸಾಬರ ಮನೆಯ ಮುಂದೆ ನಿನ್ನೆ ಹಿಂಜಿದ ಅರಳೆಯ ಎಳೆಗಳು ನೆಲಕ್ಕಿಳಿಯಲೋ ಬೇಡವೋ ಎಂಬಂತೆ ಗಾಳಿಯಲ್ಲಿ ತೇಲುತ್ತಿವೆ. ಅವುಗಳ ನಡುವೆ ಕುಳಿತು ಅವರ ಹೆಂಡತಿ ದಿಲಶಾದಬಿ ಚೀಲ ತುಂಬುತ್ತಿದ್ದಾರೆ: ಸಾಬೂನು, ತಲೆಗೆಣ್ಣೆ, ಪಾತ್ರೆ ತೊಳೆಯುವ ಪುಡಿ. ತುಂಬುತ್ತ ತುಂಬುತ್ತ ತುಟಿ ಅಲುಗುತ್ತದೆ. ನೋಡಿದವರಿಗೆ ಪ್ರಾರ್ಥನೆ ಅನ್ನಿಸಬೇಕು.

"ನಮಾಜ ಆಗಲೇ ಮುಗದೈತ್ರಿ. ಇದು ಧಂದೇದ್ದು, ಬಾಗಿಲಾಗ ನಿಂತು ಹೇಳೂ ಮಾತು" ಎಂದು ನಗುತ್ತಾರೆ, ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಳ್ಳುತ್ತಾರೆ.

ಗುಡುಸಾಬರು ಒಳಗಿನಿಂದ ದನಿ ಸೇರಿಸುತ್ತಾರೆ: "ಇಕಿ ಕಂಪನಿ ಕನಸು ಮಾರತೈತ್ರಿ, ನಾ ನಿದ್ದಿ ಮಾರತೇನಿ. ಮಾಲು ಎರಡೂ ಮನ್ಯಾಗ ಅದಾವು. ನಮಗ ಮಾತ್ರ ಕನಸೂ ಇಲ್ಲ, ನಿದ್ದೀನೂ ಇಲ್ಲ!"

ಅಂಗಡಿಯ ಹಂಗಿಲ್ಲದೆ, ಕಂಪನಿಯ ಸರಕನ್ನು ಮನೆಮನೆಗೆ ಒಯ್ದು ಮಾರುವುದು ದಿಲಶಾದಬಿಯ ಕೆಲಸ. ಸಂಬಳವಿಲ್ಲ, ಮಾರಿದರೆ ಕಮಿಷನ್. ಒಂದು ದಿನ ಬೆಟಗೇರಿ, ಒಂದು ದಿನ ಲಕ್ಷ್ಮೇಶ್ವರ, ಅಲ್ಲಿಂದ ಯಳವತ್ತಿ. ಹತ್ತು ಬಾಗಿಲಿಗೆ ಹೋದರೆ ನಾಲ್ಕರಲ್ಲಿ ವ್ಯಾಪಾರವಾದೀತು. ಉಳಿದ ಆರರಲ್ಲಿ ಮಾತು.

ಮೊದಲ ಬಾಗಿಲು ನೇಕಾರರ ಮನೆ. ಸೊಸೆ ಪ್ರಿಯಾಂಕಾ ನೀರಿನ ತಂಬಿಗೆ ಹಿಡಿದೇ ಬರುತ್ತಾಳೆ. ದಿಲಶಾದಬಿ ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ನೀರು ಮುಟ್ಟುವುದಿಲ್ಲ.

"ನಾ ದಿಲಶಾದಬಿ. ಇದು ನನ್ನ ಕಾರ್ಡು, ಕಂಪನಿ ಹೆಸರ ಇದರಾಗ ಐತಿ. ನಿನ್ನೆ ಫೋನಿನ್ಯಾಗ ಕೇಳಿದಂಗ ಸಾಬಾಣ, ಎಣ್ಣಿ ಮಾರಾಕ ಬಂದೇನಿ. ನೀ ತಗೊಂಡ್ರ ನನಗ ಕಮಿಷನ್ ಐತಿ. ಬ್ಯಾಡ ಅಂದ್ರ ಸಿಟ್ಟಿಲ್ಲ. ಒಯ್ದ ಮ್ಯಾಲೆ ಬ್ಯಾಡಾತು ಅಂದ್ರ, ಹೇಳಿದ ದಿನದೊಳಗ ವಾಪಸ್ ಕೊಡು."

"ಅಯ್ಯ ಚಾಚಿ, ತಿಂಗಳಾ ಬರ್ತೀರಿ. ಮತ್ತ ಅದನ್ನ ಹಾಡ್ತೀರಲ್ಲ!"

"ಹಾಡಲಿಲ್ಲಂದ್ರ ನೀನೂ ಮರೀತಿ, ನಾನೂ ಮರೀತೇನಿ. ಹೂಂ, ಈಗ ನೀರ ಕೊಡು."

ಅವರು ಹೇಳುವುದರಲ್ಲಿ ಬಹುಪಾಲು ಸರ್ಕಾರದ ನಿಯಮವೇ. ೨೦೨೧ರ ಕೊನೆಗೆ ಕೇಂದ್ರ ಸರ್ಕಾರ ನೇರ ಮಾರಾಟಕ್ಕೆಂದೇ ನಿಯಮ ತಂದಿತು. ಮಾರುವವರು ಮೊದಲೇ ಕೇಳಿಕೊಂಡು ಮನೆಗೆ ಹೋಗಬೇಕು. ಗುರುತಿನ ಕಾರ್ಡು ಇರಬೇಕು. ತಾನು ಯಾರು, ಯಾವ ಕಂಪನಿ, ಯಾಕೆ ಬಂದೆ ಎಂಬುದನ್ನು ಆರಂಭದಲ್ಲೇ ಬಿಚ್ಚಿ ಹೇಳಬೇಕು. ಕಂಪನಿಯ ಸಭೆಯಲ್ಲಿ ಇದನ್ನು ಯಾರೋ ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಓದಿ ಮುಗಿಸಿದ್ದರು. ದಿಲಶಾದಬಿ ಮಗಳು ಸಾಯಿಮಾಳಿಂದ ಕನ್ನಡದಲ್ಲಿ ಹೇಳಿಸಿಕೊಂಡರು.

"ನಮ್ಮ ಕಡಿ ಮನೀಗೆ ಬಂದವರಿಗೆ ಮೊದಲ ನೀರು, ಆಮ್ಯಾಲೆ ಮಾತು. ನೀರ ಕುಡದು, ಚಾ ಕುಡದು, ಮಕ್ಕಳ ಖಬರ ಕೇಳಿ, ಆಮ್ಯಾಲೆ ಚೀಲ ಬಿಚ್ಚಿದ್ರ ಯಾರ ಬ್ಯಾಡ ಅಂತಾರ್ರಿ? ಮುಲಾಜ ಬರತೈತಿ. ಮುಲಾಜಿಗೆ ತಗೊಂಡ ಸಾಬಾಣ ನೊರಿ ಬರಂಗಿಲ್ಲ. ಈ ಕಾನೂನ ಬರದಾಂವನ ಮನೀಗೂ ಯಾರೋ ಹಂಗ ಹೋಗಿರಬೇಕ ನೋಡ್ರಿ."

ಈ ಮಾತು ಸುಮ್ಮನೆ ಬಂದದ್ದಲ್ಲ. ದಿಲಶಾದಬಿಯ ತವರು ಡೋಣಿ. ಅಲ್ಲಿ ಅವರ ಬಾಲ್ಯದ ಗೆಳತಿ ಹನಮವ್ವ ಇದ್ದಾರೆ. ಕಳೆದ ವರ್ಷ ಅದೇ ಕಂಪನಿಯ ಇನ್ನೊಬ್ಬಾಕೆ ಆ ಮನೆಗೆ ಹೋಗಿ, "ದಿಲಶಾದಬಿ ಕಳಿಸ್ಯಾರ" ಎಂದು ಒಳಗೆ ಕುಳಿತು, ರೊಟ್ಟಿ ಉಂಡು, ಮೊಣಕಾಲ ನೋವಿಗೆ ಒಂದು ಪುಡಿ ಕೊಟ್ಟರು. ಡಾಕ್ಟರ ಗುಳಿಗೆ ಇನ್ನು ಬೇಡ ಎಂದರು. ಡಬ್ಬಿಯ ಮೇಲೆ ಇದು ಔಷಧವಲ್ಲ ಎಂದು ಇರುವೆಯಂಥ ಅಕ್ಷರದಲ್ಲಿತ್ತು. ಹನಮವ್ವ ಗುಳಿಗೆ ಬಿಟ್ಟರು. ಕಾಲು ಬಾತು, ಹೊಲದ ಹೆಸರುಕಾಯಿ ಬಿಡಿಸುವ ಹಂಗಾಮೆಲ್ಲ ಹಾಸಿಗೆಯಲ್ಲೇ ಕಳೆಯಿತು. ಆಮೇಲೆ ಅವರು ದಿಲಶಾದಬಿಯ ಫೋನು ಎತ್ತಿಲ್ಲ.

ಕಂಪನಿಯ ಸಭೆಯಲ್ಲಿ ಒಮ್ಮೆ ಎಲ್ಲರನ್ನೂ ಎಬ್ಬಿಸಿ, ನಿಮ್ಮ ಕನಸೇನು ಎಂದು ಕೇಳಿದರಂತೆ. ಒಬ್ಬರು ಕಾರು ಎಂದರು, ಒಬ್ಬರು ವಿಮಾನ. ದಿಲಶಾದಬಿ, "ಡೋಣ್ಯಾಗ ಹನಮವ್ವನ ಮನ್ಯಾಗ ನೀರ ಕುಡೀಬೇಕು" ಎಂದರು. ಸಭೆ ನಕ್ಕಿತು.

ಇಂದು ಅವರು ಡೋಣಿಯ ಬಸ್ಸು ಹತ್ತುತ್ತಾರೆ. ತೊಡೆಯ ಮೇಲಿನ ಚೀಲದಿಂದ ಮಲ್ಲಿಗೆ ಸಾಬೂನಿನ ಪರಿಮಳ ಹರಡುತ್ತದೆ. ಒಬ್ಬೊಬ್ಬರೇ ತೂಕಡಿಸುತ್ತಾರೆ. ಒಂದು ಕೂಸು ನಿದ್ದೆಯಲ್ಲೇ ನಗುತ್ತದೆ. ಕಿಟಕಿಯಾಚೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಮಂಜಿನೊಳಗೆ ನಿಧಾನ ತಿರುಗುತ್ತವೆ, ಗುಡ್ಡವೇ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ.

ಇಳಿದವರೇ ನಿಲ್ದಾಣದ ಬಳಿಯ ದರ್ಜಿ ನೀಲಪ್ಪನ ಅಂಗಡಿಯಲ್ಲಿ ಚೀಲ ಇಡುತ್ತಾರೆ.

"ಏನ ದಿಲಶಾದಿ, ಬಂದೂಕ ಬಿಟ್ಟ ಹೊಂಟ ಪೊಲೀಸನಂಗ ಕಾಣತಿ!"

"ಕರೀಲಾರದ ಮನಿಗೆ ಮಾರಾಕ ಹೋಗಬಾರದು, ನೀಲಣ್ಣ. ನೀರ ಕೇಳಾಕ ಹೋಗಬಹುದು."

ಹನಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾರೆ. ಕೈಯ ಮೊರ ನಿಲ್ಲುತ್ತದೆ. ತಲೆ ಎತ್ತುವುದಿಲ್ಲ.

"ಚೀಲ ಎಲ್ಲಿ?"

"ನೀಲಪ್ಪನ ಅಂಗಡ್ಯಾಗ ಇಟ್ಟೇನಿ."

"ಕೊಳ್ಳಾಗಿಂದು?"

ಕಾರ್ಡು ಇನ್ನೂ ಕೊರಳಲ್ಲೇ ಇದೆ. ದಿಲಶಾದಬಿ ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಅಂಗಳದಲ್ಲೇ ನಿಲ್ಲುತ್ತಾರೆ.

"ಊರ ಮಂದಿಗೆಲ್ಲ ಮೊದಲ ಹೇಳಿ ಒಳಗ ಹೊಕ್ಕತಿಯಂತ. ನನಗೂ ಹೇಳು. ಯಾಕ ಬಂದಿ?"

"ನೀರ ಕುಡಿಯಾಕ."

"ಅಷ್ಟ?"

"ಅಷ್ಟ. ಆಕಿನ್ನ ನಾ ಕಳಿಸಿದ್ದಿಲ್ಲ, ಹನಮಿ."

ಮೊರದಲ್ಲಿ ಜೋಳ ಒಮ್ಮೆ ಜರುಗುತ್ತದೆ. ಹನಮವ್ವ ಗೋಡೆ ಹಿಡಿದು ಏಳುತ್ತಾರೆ.

"ಏಳಬ್ಯಾಡ, ನಾನ ತಗೋತೇನಿ."

"ಸುಮ್ನ ಬಂದು ಕುಂಡ್ರು. ಮನಿ ನಂದು."

ತಂಬಿಗೆ ಬರುತ್ತದೆ. ಜೊತೆಗೆ ಒಂದು ಚೂರು ಬೆಲ್ಲ. ದಿಲಶಾದಬಿ ಕಣ್ಣು ಮುಚ್ಚಿ ಕುಡಿಯುತ್ತಾರೆ, ಬಹಳ ಹೊತ್ತು. ತಂಬಿಗೆ ಇಸಿದುಕೊಳ್ಳುವಾಗ ಹನಮವ್ವನಿಗೆ ಗೆಳತಿಯ ಕೈಯ ಮಲ್ಲಿಗೆ ವಾಸನೆ ಹತ್ತುತ್ತದೆ.

"ಅದೇನ ಸಾಬಾಣಲೇ ಅದು? ಎಷ್ಟಕ್ಕೊಂದು?"

"ಇವತ್ತ ಹೇಳಂಗಿಲ್ಲ. ಮಾರಾಕ ಬಂದಿಲ್ಲ. ಮೊದಲ ಫೋನ ಮಾಡಿ ಕೇಳಬೇಕು, ನೀ ಬಾ ಅನಬೇಕು. ಕಾನೂನ ಐತಿ."

ಹನಮವ್ವ ಮೊರವನ್ನು ಮತ್ತೆ ತೊಡೆಗೆ ಎಳೆದುಕೊಳ್ಳುತ್ತಾರೆ. ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆಯುತ್ತಾರೆ.

"ಹಂಗಾರ ನಾಳಿ ಮಾಡು. ಎತ್ತತೇನಿ."